ಕ್ಯಾರೆಟ್ಟಿನ ತೂಕವೂ ಕಣ್ಣಿನ ಅಳತೆಯೂ

ಸಮಾಜವಾದಿ ಪತ್ರಿಕೆಗೆ ವಜ್ರದ ಗೊಡವೆ ಏಕೆ ಎಂದು ನಮ್ಮ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸುತ್ತಾರೆಂಬುದನ್ನು ನಾವು ಬಲ್ಲೆವು. ವಜ್ರ ಅರಮನೆಯ ವಸ್ತು, ಗಿರಣಿಯ ಕೂಲಿಗಾರನಿಗೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಅವರು ಕೇಳಬಹುದು. ಹಾಗೆ ಕೇಳುವವರು ಕೊಳ್ಳೇಗಾಲದ ಒಂದು ಮದುವೆ ಮನೆಗೆ ಹೋಗಿ ಬರಲಿ. ಹನೂರಿನ ಕಡೆಯ ಬೀಗರು ಹುಡುಗಿಯ ಕಿವಿಗೆ ಏನು ಹಾಕುತ್ತೀರಿ ಎಂದು ಕೇಳುವ ಮಾತನ್ನು ಕೇಳಿಸಿಕೊಳ್ಳಲಿ. ಯಳಂದೂರಿನ ಬೀದಿಯಲ್ಲಿ ಪುಟ್ಟ ಅಂಗಡಿ ಇಟ್ಟವನು ತಿಂಗಳ ಚೀಟಿಯ ಹಣ ಎತ್ತಿ ಎಲ್ಲಿಗೆ ಒಯ್ಯುತ್ತಾನೆಂದು ನೋಡಲಿ. ಹಿಂದೆ ಒಂದು ಜೊತೆ ಚಿನ್ನದ ಓಲೆಯಿಂದ ಮುಗಿಯುತ್ತಿದ್ದ ಮಾತು ಈಗ 'ಅರ್ಧ ಕ್ಯಾರೆಟ್ಟಾದರೂ ಬೇಡವೇ' ಎಂಬಲ್ಲಿಗೆ ಬಂದಿದೆ. ಅರಮನೆಯ ವಸ್ತು ಕಂತಿನ ಲೆಕ್ಕದಲ್ಲಿ ನಮ್ಮ ಹೊಸ್ತಿಲು ದಾಟಿದೆ. ಬಂದ ಮೇಲೆ ಅದರ ಲೆಕ್ಕ ತಿಳಿಯುವುದು ನಮ್ಮ ಕೆಲಸ.

ನಮಗೆ ಪರಿಚಯವಿರುವ ಸೀರೆ ವ್ಯಾಪಾರಿಯೊಬ್ಬರ ಕಥೆಯಿಂದಲೇ ಪ್ರಾರಂಭಿಸುತ್ತೇವೆ. ಸಣ್ಣ ವ್ಯಾಪಾರಿ, ನಾಲ್ಕು ಮಗ್ಗದವರಿಂದ ಸೀರೆ ಕೊಂಡು ಊರೂರಿಗೆ ಒಯ್ದು ಮಾರುವವರು. ಮಗಳ ಮದುವೆಗೆಂದು ದೊಡ್ಡ ಪಟ್ಟಣದ ಒಂದು ಅಂಗಡಿಗೆ ಹೋಗಿ 'ಒಂದು ಕ್ಯಾರೆಟ್ ವಜ್ರದ ಓಲೆ' ಕೊಂಡರು. ಅಂಗಡಿಯ ಬೆಳಕಿನಲ್ಲಿ ಅದು ಫಳಫಳ ಹೊಳೆಯಿತು. ಮನೆಗೆ ತಂದು ಕಿಟಕಿಯ ಬಳಿ ಹಿಡಿದಾಗ ಹರಳುಗಳು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು, ಅಷ್ಟೆ. ಬಿಲ್ಲು ಬಿಚ್ಚಿ ನೋಡಿದರೆ ಎರಡು ಓಲೆ ಸೇರಿ, ಹದಿನಾಲ್ಕು ಹರಳು ಸೇರಿ, ಒಟ್ಟು ಒಂದು ಕ್ಯಾರೆಟ್. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಆದರೆ ಈತ ಕೇಳಿಸಿಕೊಂಡದ್ದೇ ಬೇರೆ. 'ರೇಷ್ಮೆಯಲ್ಲಿ ನನ್ನನ್ನು ಯಾರೂ ಮೋಸ ಮಾಡಲಾರರು, ಕಲ್ಲಿನಲ್ಲಿ ನಾನೇ ಮೋಸಹೋದೆ' ಎಂದು ಅವರು ನಮ್ಮ ಮುಂದೆ ಹೇಳಿಕೊಂಡರು. ಅವರು ನಿಜವಾಗಿ ಮೋಸಹೋದರೇ ಎಂಬುದನ್ನು ಲೇಖನದ ಮುಂದಿನ ಭಾಗದಲ್ಲಿ ನೋಡೋಣ. ಉತ್ತರ ಅಷ್ಟು ಸರಳವಾಗಿಲ್ಲ.

ಮೊದಲು ಮಾತಿನ ಗೊಂದಲ ಕಳೆಯೋಣ. ಕ್ಯಾರೆಟ್ ಎಂಬ ಒಂದೇ ಶಬ್ದವನ್ನು ನಮ್ಮಲ್ಲಿ ಎರಡು ಅರ್ಥಕ್ಕೆ ಬಳಸುತ್ತಾರೆ. ಚಿನ್ನದಲ್ಲಿ ಕ್ಯಾರೆಟ್ ಎಂದರೆ ಶುದ್ಧತೆ: 24ರಲ್ಲಿ ಎಷ್ಟು ಪಾಲು ಅಪ್ಪಟ ಚಿನ್ನ ಎಂಬ ಲೆಕ್ಕ. 22 ಕ್ಯಾರೆಟ್ ಎಂದರೆ ಸಾವಿರದಲ್ಲಿ 916 ಪಾಲು, 18 ಕ್ಯಾರೆಟ್ ಎಂದರೆ 750 ಪಾಲು. ವಜ್ರದಲ್ಲಿ ಕ್ಯಾರೆಟ್ ಎಂದರೆ ಬರಿಯ ತೂಕ. 1907ರಲ್ಲಿ ತೂಕ ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನ ಇದನ್ನು 200 ಮಿಲಿಗ್ರಾಂ ಎಂದು ಗೊತ್ತುಮಾಡಿತು. ಅಂದರೆ ಐದು ಕ್ಯಾರೆಟ್ ಸೇರಿದರೆ ಒಂದು ಗ್ರಾಂ. ಅದಕ್ಕೆ ಮುಂಚೆ ಊರಿಗೊಂದು ಕ್ಯಾರೆಟ್ ಇತ್ತು. ನಮ್ಮ ಅಕ್ಕಸಾಲಿಗರ ತಕ್ಕಡಿಯಲ್ಲಿ ಗುಲಗಂಜಿ ಇದ್ದಂತೆ ಅವರ ತಕ್ಕಡಿಯಲ್ಲಿಯೂ ಒಂದು ಮರದ ಬೀಜ ಇತ್ತು. ಒಂದು ಕ್ಯಾರೆಟ್ಟಿಗೆ ನೂರು ಸೆಂಟು. ಜಮೀನಿನ ಸೆಂಟನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ: ಅಲ್ಲಿ ಎಕರೆಯ ನೂರನೆಯ ಪಾಲು, ಇಲ್ಲಿ ಕ್ಯಾರೆಟ್ಟಿನ ನೂರನೆಯ ಪಾಲು. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಜಮೀನಿನ ಸೆಂಟು ವಿಸ್ತೀರ್ಣ, ಕಣ್ಣಿಗೆ ಕಾಣುವಂಥದು. ವಜ್ರದ ಸೆಂಟು ತೂಕ, ಕಣ್ಣಿಗೆ ಕಾಣದಂಥದು. ಎಲ್ಲ ತೊಡಕೂ ಇಲ್ಲಿಂದಲೇ ಹುಟ್ಟುತ್ತದೆ.

ಮುದ್ದೆಯ ಲೆಕ್ಕ

ಎರಡರಷ್ಟು ತೂಕದ ವಜ್ರ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಬಹುಮಂದಿ ನಂಬಿದ್ದಾರೆ. ಇದು ತಪ್ಪು. ಇದನ್ನು ತಿಳಿಯಲು ಕಾಲೇಜಿಗೆ ಹೋಗಬೇಕಾಗಿಲ್ಲ, ಅಡಿಗೆ ಮನೆಗೆ ಹೋದರೆ ಸಾಕು. ಎರಡರಷ್ಟು ರಾಗಿ ಹಿಟ್ಟು ಹಾಕಿ ಮುದ್ದೆ ಕಟ್ಟಿದರೆ ಆ ಮುದ್ದೆ ತಟ್ಟೆಯಲ್ಲಿ ಎರಡರಷ್ಟು ಅಗಲವಾಗಿ ಕೂರುತ್ತದೆಯೇ? ಇಲ್ಲ. ಹಿಟ್ಟು ಅಗಲಕ್ಕೂ ಹೋಗುತ್ತದೆ, ಉದ್ದಕ್ಕೂ ಹೋಗುತ್ತದೆ, ಎತ್ತರಕ್ಕೂ ಹೋಗುತ್ತದೆ. ಮೂರು ಕಡೆಗೆ ಹಂಚಿಹೋದ ಮೇಲೆ ಅಗಲದಲ್ಲಿ ಹೆಚ್ಚುವುದು ಕೇವಲ ಕಾಲು ಭಾಗ. ಮುದ್ದೆ ಎರಡರಷ್ಟು ಅಗಲವಾಗಬೇಕಾದರೆ ಎಂಟರಷ್ಟು ಹಿಟ್ಟು ಬೇಕು.

ಹನೂರು, ಯಳಂದೂರಿನ ಕಡೆ ಕರಿಕಲ್ಲಿನ ಗಣಿಯಲ್ಲಿ ದುಡಿದವರಿಗೆ ಇದೇ ಸಂಗತಿ ಇನ್ನೊಂದು ರೂಪದಲ್ಲಿ ಗೊತ್ತು. ಗಣಿಯ ಬಾಯಲ್ಲಿ ದಿಮ್ಮಿ ಮಾರಾಟವಾಗುವುದು ಘನ ಮೀಟರಿನ ಲೆಕ್ಕದಲ್ಲಿ. ಪಟ್ಟಣದ ಮನೆಯವನು ನೆಲಹಾಸಿಗೆ ಕೊಳ್ಳುವುದು ಚದರ ಅಡಿಯ ಲೆಕ್ಕದಲ್ಲಿ. ಕಲ್ಲು ಒಂದೇ, ಅಳತೆ ಎರಡು. ವಜ್ರದ ಅಂಗಡಿಯಲ್ಲಿ ಮಾತ್ರ ನೋಡುವುದು ಚದರದಲ್ಲಿ, ಹಣ ತೆರುವುದು ಘನದಲ್ಲಿ.

ಸರಿಯಾಗಿ ಕೊರೆದ ದುಂಡು ವಜ್ರದ ಅಗಲ ಹೀಗಿರುತ್ತದೆ. ವಾಚಕರು ಇದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡರೂ ಸರಿಯೇ. 5 ಸೆಂಟಿನ ಹರಳು ಸುಮಾರು 2.4 ಮಿಲಿಮೀಟರು. 10 ಸೆಂಟು, 3 ಮಿಲಿಮೀಟರು. ಕಾಲು ಕ್ಯಾರೆಟ್, 4.1. ಅರ್ಧ ಕ್ಯಾರೆಟ್, 5.1. ಮುಕ್ಕಾಲು ಕ್ಯಾರೆಟ್, 5.9. ಒಂದು ಕ್ಯಾರೆಟ್, 6.4ರಿಂದ 6.5; ಅಂದರೆ ಮಕ್ಕಳ ಪೆನ್ಸಿಲ್ಲಿನ ದಪ್ಪಕ್ಕಿಂತ ಒಂದು ಕೂದಲು ಕಡಿಮೆ. ಎರಡು ಕ್ಯಾರೆಟ್, 8.1. ಕಾಲು ಕ್ಯಾರೆಟ್ಟಿನಿಂದ ಅರ್ಧ ಕ್ಯಾರೆಟ್ಟಿಗೆ ಏರಿದರೆ ತೂಕ ಎರಡರಷ್ಟು, ಅಗಲದಲ್ಲಿ ಬಂದದ್ದು ಒಂದೇ ಮಿಲಿಮೀಟರು. ಬೆಲೆ ಮಾತ್ರ ಎರಡರಷ್ಟಕ್ಕಿಂತಲೂ ಹೆಚ್ಚು. ಏಕೆಂದರೆ ಹರಳು ದೊಡ್ಡದಾದಂತೆ ಕ್ಯಾರೆಟ್ಟಿನ ದರವೇ ಮೇಲಕ್ಕೆ ಹೋಗುತ್ತದೆ. ಕಡಲೆಕಾಯಿಯನ್ನು ಸೇರಿನಲ್ಲಿ ಕೊಂಡರೆ ಅಗ್ಗ, ಮೂಟೆಯಲ್ಲಿ ಕೊಂಡರೆ ಇನ್ನೂ ಅಗ್ಗ ಎಂಬುದು ನಮ್ಮ ಸಂತೆಯ ನ್ಯಾಯ. ವಜ್ರದ ಸಂತೆಯ ನ್ಯಾಯ ಇದಕ್ಕೆ ತಿರುಗುಮುರುಗು.

ಇನ್ನೊಂದು ಸೂಕ್ಷ್ಮವಿದೆ. ಈ ದರ ಏರುವುದು ಇಳಿಜಾರಿನಂತೆ ಅಲ್ಲ, ಮೆಟ್ಟಿಲಿನಂತೆ. ಅರ್ಧ ಕ್ಯಾರೆಟ್, ಒಂದು ಕ್ಯಾರೆಟ್ ಎಂಬ ದುಂಡನೆಯ ಅಂಕೆ ಬಂದೊಡನೆ ದರ ಎಗರುತ್ತದೆ. 95 ಸೆಂಟಿನ ಹರಳಿಗೂ 100 ಸೆಂಟಿನ ಹರಳಿಗೂ ಅಗಲದಲ್ಲಿರುವ ವ್ಯತ್ಯಾಸ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಅದನ್ನು ಕಿವಿಯಲ್ಲಿ ಕಂಡುಹಿಡಿಯಬಲ್ಲ ಬೀಗರು ಈ ಮೂರು ತಾಲ್ಲೂಕುಗಳಲ್ಲಿ ಇಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಹಾಗಾದರೆ ಆ ಹೆಚ್ಚಿನ ದರವನ್ನು ಯಾವುದಕ್ಕೆ ತೆತ್ತಂತಾಯಿತು? 'ಒಂದು ಕ್ಯಾರೆಟ್' ಎಂದು ಹೇಳಿಕೊಳ್ಳುವ ಮಾತಿಗೆ. ಕಲ್ಲಿಗಲ್ಲ, ಮಾತಿಗೆ.

ವಜ್ರದೊಳಗಿನ ಹುಳು

ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ನಿಂತು ನೋಡಿದವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ನೂಲು ಬಿಚ್ಚಾಣಿಕೆಯವನು ಗೂಡನ್ನು ತೂಕದ ಮೇಲೆ ಕೊಳ್ಳುತ್ತಾನೆ. ಆದರೆ ಗೂಡಿನ ತೂಕದಲ್ಲಿ ಬಹುಪಾಲು ಒಳಗಿರುವ ಹುಳುವಿನದು. ಅವನಿಗೆ ಬೇಕಾದದ್ದು ಹುಳುವಲ್ಲ, ಮೇಲಿನ ರೇಷ್ಮೆ. ಆದ್ದರಿಂದಲೇ ಆತ ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲುಗಿಸಿ, ಕತ್ತರಿಸಿ ಸಿಪ್ಪೆಯ ದಪ್ಪ ನೋಡಿ, ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಗುತ್ತದೆ ಎಂಬ ರೆಂಡಿಟ್ಟಾ ಲೆಕ್ಕ ಹಾಕಿ ಕೂಗುತ್ತಾನೆ. ತೂಕ ನೋಡಿ ಮಾರುಹೋದ ಬಿಚ್ಚಾಣಿಕೆದಾರ ಮೂರು ತಿಂಗಳಲ್ಲಿ ಬಟ್ಟಲು ಮುಚ್ಚುತ್ತಾನೆ.

ವಜ್ರದಲ್ಲಿಯೂ ಇಂಥ ಹುಳುವಿದೆ. ದುಂಡು ವಜ್ರಕ್ಕೆ ಮೂರು ಅಂಗ: ಮೇಲೆ ಚಪ್ಪಟೆ ತಲೆ, ನಡುವೆ ಸೊಂಟದ ಪಟ್ಟಿ, ಕೆಳಗೆ ಚೂಪಾಗಿ ಇಳಿಯುವ ಬುಡ. 57 ಅಥವಾ 58 ಮುಖಗಳನ್ನು ಲೆಕ್ಕಕ್ಕೆ ಸರಿಯಾಗಿ ಕೊರೆದರೆ ಮೇಲಿನಿಂದ ಒಳಹೊಕ್ಕ ಬೆಳಕು ಬುಡದ ಗೋಡೆಗಳಿಗೆ ಬಡಿದು ಮತ್ತೆ ಕಣ್ಣಿಗೇ ಮರಳುತ್ತದೆ. 1919ರಲ್ಲಿ ಮಾರ್ಸೆಲ್ ಟೋಲ್ಕೋವ್ಸ್ಕಿ ಎಂಬಾತ ಈ ಕೋನಗಳ ಗಣಿತವನ್ನು ಪುಸ್ತಕವಾಗಿ ಬರೆದನು. ಒಳ್ಳೆಯ ಕೊರೆತದ ಹರಳಿನಲ್ಲಿ ಎತ್ತರವು ಅಗಲದ ಶೇಕಡಾ 60ರ ಆಸುಪಾಸಿನಲ್ಲಿರುತ್ತದೆ.

ಆದರೆ ಕೊರೆಯಿಸುವ ಮಾಲೀಕನಿಗೆ ಇನ್ನೊಂದು ಲೆಕ್ಕವಿದೆ. ಒರಟು ಕಲ್ಲನ್ನು ಕೊರೆದು ಸಾಣೆ ಹಿಡಿಯುವಾಗ ಅರ್ಧದಷ್ಟೋ ಅದಕ್ಕೂ ಮಿಕ್ಕೋ ಪುಡಿಯಾಗಿ ಹೋಗುತ್ತದೆ. ಬೆಲೆ ತೂಕದ ಮೇಲೆ ಬರುವುದರಿಂದ ಪುಡಿಯಾಗಿ ಹೋದದ್ದೆಲ್ಲ ನಷ್ಟವೆಂದು ಅವನು ಎಣಿಸುತ್ತಾನೆ. ಹಾಗಾಗಿ ಬುಡವನ್ನು ಬೇಕಾದ್ದಕ್ಕಿಂತ ಆಳವಾಗಿ ಬಿಡುವುದು, ಸೊಂಟದ ಪಟ್ಟಿಯನ್ನು ದಪ್ಪವಾಗಿ ಉಳಿಸುವುದು, ಇವು ನಡೆಯುತ್ತವೆ. ಆ ತೂಕ ಓಲೆಯ ಚಿನ್ನದೊಳಗೆ ಹೂತುಹೋಗುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ. ನಾವು ಹುಳು ಎಂದದ್ದು ಇದನ್ನೇ.

ಒಂದು ಉದಾಹರಣೆ ನೋಡಿ. ಎರಡು ಹರಳು, ಎರಡೂ ಅರ್ಧ ಕ್ಯಾರೆಟ್. ಒಂದರ ಅಗಲ 5.12, ಎತ್ತರ 3.16 ಮಿಲಿಮೀಟರು. ಇನ್ನೊಂದರ ಅಗಲ 5.00, ಎತ್ತರ 3.30. ಎರಡನೆಯದರ ಮುಖ, ಸರಿಯಾಗಿ ಕೊರೆದ 47 ಸೆಂಟಿನ ಹರಳಿನ ಮುಖದಷ್ಟೇ ಇದೆ. ಮೂರು ಸೆಂಟು ತೂಕ ಹೊಟ್ಟೆಯೊಳಗೆ ಅಡಗಿದೆ. ಅದೇ ಮೂರು ಸೆಂಟು ಆ ಹರಳನ್ನು 'ಅರ್ಧ ಕ್ಯಾರೆಟ್' ಎಂಬ ಮೆಟ್ಟಿಲನ್ನೂ ಹತ್ತಿಸಿದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆಳ ಮಿತಿಮೀರಿದ ಹರಳಿನಲ್ಲಿ ಬೆಳಕು ಬುಡದಿಂದ ಸೋರಿಹೋಗಿ ನಡುವೆ ಕಪ್ಪು ಕೂರುವುದೂ ಉಂಟು. ಅಗಲವೂ ಹೋಯಿತು, ಹೊಳಪೂ ಹೋಯಿತು, ಹಣವೂ ಹೋಯಿತು.

ಹಾಗೆಂದು ಅಗಲವೊಂದನ್ನೇ ನೋಡಿ ಹಿಗ್ಗುವುದೂ ಸಲ್ಲ. ತೀರ ಚಪ್ಪಟೆಯಾಗಿ ಕೊರೆದ ಹರಳು ತೂಕಕ್ಕಿಂತ ಅಗಲವಾಗಿ ಕಾಣುತ್ತದೆ, ಆದರೆ ಮೀನಿನ ಕಣ್ಣಿನಂತೆ ಮಂಕು. ಜರಿ ಅಗಲವಾಗಿದ್ದ ಮಾತ್ರಕ್ಕೆ ಸೀರೆ ಒಳ್ಳೆಯದಾದೀತೇ? ಅಗಲ, ಎತ್ತರ, ಹೊಳಪು ಮೂರನ್ನೂ ಕೂಡಿಸಿ ನೋಡಬೇಕು.

ಪ್ರಯೋಗಾಲಯದ ಪ್ರಮಾಣಪತ್ರದಲ್ಲಿ ಈ ಅಳತೆಗಳು ಮಿಲಿಮೀಟರಿನಲ್ಲಿ ಬರೆದಿರುತ್ತವೆ. ಗ್ರಾಹಕರು ತೂಕದ ಸಾಲನ್ನು ಓದಿ ಮಡಚಿಡುತ್ತಾರೆ. ಅಳತೆಯ ಸಾಲನ್ನು ಓದುವುದಿಲ್ಲ. ಲೆಕ್ಕ ಬಲ್ಲ ಶಾಲೆಯ ಹುಡುಗನಿಂದ ಒಂದು ಗುಣಾಕಾರ ಮಾಡಿಸಿ: ಅಗಲವನ್ನು ಅಗಲದಿಂದ ಗುಣಿಸಿ, ಅದನ್ನು ಎತ್ತರದಿಂದ ಗುಣಿಸಿ, ಬಂದದ್ದನ್ನು 0.0061ರಿಂದ ಗುಣಿಸಿದರೆ ದುಂಡು ವಜ್ರದ ತೂಕ ಕ್ಯಾರೆಟ್ಟಿನಲ್ಲಿ ಹೆಚ್ಚುಕಡಿಮೆ ಸಿಕ್ಕುತ್ತದೆ. ಓಲೆಯಲ್ಲಿ ಕೂರಿಸಿಬಿಟ್ಟ ಹರಳನ್ನು ತಕ್ಕಡಿಗೆ ಹಾಕಲಾಗದಿದ್ದಾಗ ವ್ಯಾಪಾರಿಗಳೂ ಹಿಡಿಯುವ ದಾರಿ ಇದೇ.

ಏಳು ಹರಳಿನ ಓಲೆಯ ಜಾಣತನ

ಈಗ ನಮ್ಮ ಸೀರೆ ವ್ಯಾಪಾರಿಯ ಹದಿನಾಲ್ಕು ಹರಳಿಗೆ ಬರೋಣ. ಒಂದು ಕಿವಿಗೆ ಏಳು ಹರಳು, ಅರ್ಧ ಕ್ಯಾರೆಟ್. ಹರಳೊಂದಕ್ಕೆ ಏಳು ಸೆಂಟು, ಅಗಲ ಸುಮಾರು 2.7 ಮಿಲಿಮೀಟರು. ನಡುವೆ ಒಂದು, ಸುತ್ತ ಆರು ಇಟ್ಟಾಗ ಹೂವಿನ ಅಗಲ 8 ಮಿಲಿಮೀಟರು. ಅದೇ ಅರ್ಧ ಕ್ಯಾರೆಟ್ಟಿನ ಒಂಟಿ ಹರಳು ಕೊಂಡಿದ್ದರೆ 5.1 ಮಿಲಿಮೀಟರಿಗೆ ಮುಗಿಯುತ್ತಿತ್ತು. ಏಳು ಹರಳುಗಳ ಮುಖವನ್ನು ಕೂಡಿಸಿದರೆ ಒಂಟಿ ಹರಳಿನ ಮುಖದ ಸುಮಾರು ಎರಡರಷ್ಟು. ಚಿಕ್ಕ ಹರಳಾದ್ದರಿಂದ ಕ್ಯಾರೆಟ್ಟಿನ ದರವೂ ಕಡಿಮೆ.

ನಮ್ಮ ಅಜ್ಜಿಯರು ಏಳು ಹರಳಿನ ಓಲೆಗೆ ಏಕೆ ಆಸೆಪಡುತ್ತಿದ್ದರೆಂಬುದು ಈಗ ತಿಳಿಯಿತಷ್ಟೆ. ಅದು ಬರಿಯ ಸಂಪ್ರದಾಯವಲ್ಲ, ಸಂಸಾರದ ಗಣಿತ. ಕಡಿಮೆ ತೂಕದಲ್ಲಿ ಹೆಚ್ಚು ನೋಟ. ಆದ್ದರಿಂದ ನಮ್ಮ ವ್ಯಾಪಾರಿ ವಸ್ತುವಿನಲ್ಲಿ ಮೋಸಹೋಗಲಿಲ್ಲ. ಅವರು ಮೋಸಹೋದದ್ದು ಮಾತಿನಲ್ಲಿ. ಒಂಟಿ ಹರಳಿನ ದರ ತೆತ್ತು ಏಳು ಹರಳಿನ ಓಲೆ ತಂದರೇ ಎಂಬುದು ಮುಖ್ಯ ಪ್ರಶ್ನೆ. ಬಿಲ್ಲಿನಲ್ಲಿ ಹರಳುಗಳ ಸಂಖ್ಯೆ, ಒಂದೊಂದರ ತೂಕ, ಕ್ಯಾರೆಟ್ಟಿನ ದರ ಇವನ್ನು ಬೇರೆ ಬೇರೆ ಬರೆದಿರಲಿಲ್ಲ. 'ಡೈಮಂಡ್ 1 ಕ್ಯಾರೆಟ್' ಎಂದು ಒಂದೇ ಸಾಲು ಇತ್ತು. ಉತ್ತರ ಹೇಳಬೇಕಾದ ಕಾಗದವೇ ಮೂಕವಾಗಿತ್ತು. 'ಒಟ್ಟು ತೂಕ' ಎಂಬ ಎರಡು ಪದಗಳು ಎಷ್ಟು ಮನೆಗಳ ಹಣ ನುಂಗಿವೆಯೋ!

ಕಷ್ಟಕಾಲದ ಕೌಂಟರಿನಲ್ಲಿ

ಶ್ರೀಮಂತನಿಗೆ ಒಡವೆ ಅಲಂಕಾರ. ದುಡಿಯುವವನಿಗೆ ಅದು ಅಲಂಕಾರವೂ ಹೌದು, ಆಪದ್ಧನವೂ ಹೌದು. ಬಿಚ್ಚಾಣಿಕೆ ಬಟ್ಟಲಿನ ಬಿಸಿನೀರಿನಲ್ಲಿ ದಿನವಿಡೀ ಕೈಯಾಡಿಸಿ ಬೆರಳ ಚರ್ಮ ಕಿತ್ತುಕೊಂಡ ಹೆಂಗಸು ಒಂದು ಜೊತೆ ಓಲೆ ಮಾಡಿಸಿಕೊಂಡರೆ, ಕೆಲಸ ನಿಂತ ತಿಂಗಳು ಅದನ್ನೇ ಅಡವಿಟ್ಟು ಅಕ್ಕಿ ತರುತ್ತಾಳೆ. ಮಗ್ಗ ನಿಂತಾಗಲೂ, ಮಗು ಆಸ್ಪತ್ರೆ ಸೇರಿದಾಗಲೂ ಅದೇ ಗತಿ. ಇಂಥವರಿಗೆ ನಾವು ಕಟುವಾದ ಒಂದು ಸತ್ಯವನ್ನು ಹೇಳಲೇಬೇಕು: ಅಡವಿನ ಕೌಂಟರಿನಲ್ಲಿ ವಜ್ರಕ್ಕೆ ಬೆಲೆಯಿಲ್ಲ. ಚಿನ್ನದ ಮೇಲೆ ಸಾಲ ಕೊಡುವ ಬ್ಯಾಂಕು, ಸಂಘ, ಕಂಪನಿ ಯಾವುದಾದರೂ ಸರಿಯೇ, ಮೊದಲು ಮಾಡುವ ಕೆಲಸ ಕಲ್ಲಿನ ತೂಕ ಕಳೆಯುವುದು. ಉಳಿದ ಚಿನ್ನಕ್ಕೆ ಮಾತ್ರ ಸಾಲ. ಎರಡು ವರ್ಷ ಚೀಟಿ ಕಟ್ಟಿ ತಂದ ಹರಳು ಆ ಗಳಿಗೆಯಲ್ಲಿ ತಕ್ಕಡಿಯ ಮೇಲಿನ ಧೂಳಿಗೆ ಸಮ. ಮಾರಲು ಹೋದರೂ ಕೊಂಡ ಬೆಲೆ ಮರಳದು. ಚಿನ್ನಕ್ಕೆ ಪ್ರತಿದಿನ ಪತ್ರಿಕೆಯಲ್ಲಿ ದರ ಬರುತ್ತದೆ, ಹರಳಿಗೆ ಬರುವುದಿಲ್ಲ.

ಕಳೆಯುವಾಗ ಕಲ್ಲಿನ ತೂಕವನ್ನು ಇಷ್ಟು ನಿಷ್ಠುರವಾಗಿ ಕಳೆಯುವ ವ್ಯಾಪಾರ ಪ್ರಪಂಚ, ಮಾರುವಾಗ ಅದನ್ನು ಮರೆಯುವುದುಂಟು. ಒಡವೆಯ ಒಟ್ಟು ತೂಕ 8 ಗ್ರಾಂ, ಅದರಲ್ಲಿ ಒಂದು ಕ್ಯಾರೆಟ್ ಹರಳು ಎಂದರೆ ಚಿನ್ನ 7.8 ಗ್ರಾಂ ಮಾತ್ರ. 8 ಗ್ರಾಮಿಗೂ ಚಿನ್ನದ ದರ ಹಾಕಿ, ಅದರ ಮೇಲೆ ಶೇಕಡಾವಾರು ಮಜೂರಿ, ವೇಸ್ಟೇಜು ಹಾಕಿದರೆ ಕಲ್ಲಿಗೆ ಎರಡು ಸಲ ಹಣ ತೆತ್ತಂತೆ. ಬಣ್ಣದ ಕಲ್ಲು, ಅಮೆರಿಕನ್ ಡೈಮಂಡ್ ಎಂಬ ಕೃತಕ ಹರಳು ಇರುವ ಒಡವೆಯಲ್ಲಿ ಈ ನಷ್ಟ ಇನ್ನೂ ಹೆಚ್ಚು. ಅಮೆರಿಕನ್ ಡೈಮಂಡಿನ ಹರಳು ಅದೇ ಅಳತೆಯ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕಿ ಭಾರ. ನೋಟ ಒಂದೇ, ತೂಕ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಸಾಲ ಮಾಡಿ ಹರಳು ಕೊಳ್ಳುವವರಿಗೆ ನಮ್ಮ ಜಿಲ್ಲೆಯ ಇತ್ತೀಚಿನ ನೆನಪೇ ಸಾಕು. 2025ರ ಪ್ರಾರಂಭದಲ್ಲಿ ಕಿರುಸಾಲದ ಕಂಪನಿಗಳ ವಸೂಲಿಯ ಕಾಟ ತಾಳದೆ ಚಾಮರಾಜನಗರ ಜಿಲ್ಲೆಯಲ್ಲಿ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ರಾಜ್ಯವನ್ನೆಲ್ಲ ಕಲಕಿತು. ಆ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಆ ಸಾಲಗಳೆಲ್ಲ ಒಡವೆಗೆ ಮಾಡಿದವೆಂದು ನಾವು ಹೇಳುತ್ತಿಲ್ಲ, ಹೆಚ್ಚಿನವು ಹೊಟ್ಟೆಪಾಡಿನವು. ಆದರೆ ಹೊಟ್ಟೆಪಾಡಿನ ಸಾಲದ ಮೇಲೆ ಬೀಗರ ಮೆಚ್ಚಿಕೆಯ ಸಾಲವೂ ಕೂತರೆ ಬೆನ್ನು ಮುರಿಯದೇ? ವರದಕ್ಷಿಣೆ ಕೇಳುವುದೂ ಕೊಡುವುದೂ ಅಪರಾಧವೆಂದು 1961ರಲ್ಲಿಯೇ ಕಾನೂನು ಬಂದಿದೆ. 'ಕೇಳಿಲ್ಲ, ನಿಮ್ಮ ಹುಡುಗಿಗೆ ನೀವೇ ಹಾಕಿ' ಎಂಬ ನಯದ ಮಾತಿನಲ್ಲಿ ಕ್ಯಾರೆಟ್ಟಿನ ಅಂಕೆ ನುಸುಳಿದರೆ ಅದೂ ವರದಕ್ಷಿಣೆಯೇ.

ಈ ಆಸೆಯನ್ನು ಬಿತ್ತಿದವರಾರು?

ವಜ್ರದ ಈ ಮಹಿಮೆ ಆಕಾಶದಿಂದ ಇಳಿದದ್ದಲ್ಲ. 1888ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಡಿ ಬೀರ್ಸ್ ಕಂಪನಿ ಬಹುಕಾಲ ಲೋಕದ ವಜ್ರವನ್ನು ತನ್ನ ಮುಷ್ಟಿಯಲ್ಲಿಟ್ಟುಕೊಂಡು, ಬೇಕಾದಷ್ಟೇ ಹೊರಬಿಟ್ಟು ಬೆಲೆ ಕಾಯಿತು. 1947ರಲ್ಲಿ ಅದರ ಜಾಹೀರಾತಿನವರು ವಜ್ರ ಶಾಶ್ವತವೆಂಬ ಅರ್ಥದ ಘೋಷಣೆ ಹೊಸೆದರು. ಅದರ ಪ್ರತಿಧ್ವನಿಯೇ ಇಂದು ನಮ್ಮ ಬಸ್ ನಿಲ್ದಾಣದ ಜಾಹೀರಾತಿನ ಹಲಗೆಯ ಮೇಲೆ ನಗುತ್ತಿದೆ.

ಹರಳು ಕೊರೆಯುವ ಕೈಗಳಾದರೋ ನಮ್ಮ ದೇಶದವೇ. ಲೋಕದ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಸೂರತ್ತಿನ ಸಾಣೆಯ ಮೇಲೆ ಹೊಳಪು ಪಡೆಯುತ್ತವೆ. ಅಲ್ಲಿಯ ಕೆಲಸಗಾರರಲ್ಲಿ ಬಹುಮಂದಿಗೆ ಬಿಡಿ ಹರಳಿನ ಲೆಕ್ಕದಲ್ಲಿ ಕೂಲಿ. ನಮ್ಮ ನೇಕಾರನಿಗೆ ಸೀರೆಯ ಲೆಕ್ಕದಲ್ಲಿ ಇರುವಂತೆ. 2023ರ ಡಿಸೆಂಬರಿನಲ್ಲಿ ಸೂರತ್ತಿನಲ್ಲಿ ಅಮೆರಿಕದ ಪೆಂಟಗನ್ನಿಗಿಂತ ದೊಡ್ಡದೆಂದು ಹೇಳಲಾದ ವಜ್ರ ವ್ಯಾಪಾರ ಸೌಧ ಉದ್ಘಾಟನೆಯಾಯಿತು. ಅದೇ ಕಾಲದಲ್ಲಿ ರಫ್ತು ಕುಸಿದು ಸಾಣೆಯವರು ಕೆಲಸ ಕಳೆದುಕೊಳ್ಳುತ್ತಿದ್ದರು. ಸೌಧ ಏರಿತು, ಸಾಣೆ ನಿಂತಿತು.

ಅಕ್ಕಸಾಲಿಗರ ಪಾಡನ್ನೂ ಮರೆಯಬಾರದು. 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ಬಂದು 14 ಕ್ಯಾರೆಟ್ಟಿಗೆ ಮೀರಿದ ಒಡವೆ ಮಾಡಬಾರದೆಂದಾಗ ದೇಶದ ಎಷ್ಟೋ ಅಕ್ಕಸಾಲಿಗರ ಮನೆಯ ಒಲೆ ಆರಿತು. 1968ರಲ್ಲಿ ಬಂದ ಕಾನೂನು 1990ರಲ್ಲಿ ರದ್ದಾಯಿತು. ಅದನ್ನು ದಾಟಿ ಬಂದ ಕುಲುಮೆಯನ್ನು ಈಗ ಯಂತ್ರದಲ್ಲಿ ಎರಕ ಹೊಯ್ದ ಒಡವೆಯ ದೊಡ್ಡ ಅಂಗಡಿಗಳು ನುಂಗುತ್ತಿವೆ. ಆದ್ದರಿಂದ ನಮ್ಮ ಮಾತು ಸಣ್ಣ ಸರಾಫರ ಮೇಲಿನ ದೂರಲ್ಲ. ಅವರೂ ಹರಳನ್ನು ಸಗಟು ವ್ಯಾಪಾರಿಯಿಂದ ಪೊಟ್ಟಣದಲ್ಲಿ, ತೂಕದ ಮೇಲೆಯೇ ಕೊಳ್ಳುತ್ತಾರೆ; ಹುಳುವಿನ ತೂಕವನ್ನು ಅವರೂ ತೆರುತ್ತಾರೆ. ಅವರಿಗೆ ನಮ್ಮ ವಿನಂತಿ ಇಷ್ಟೆ: ಅಗಲ ಅಳೆಯುವ ಗೇಜು ಒಂದನ್ನು ಇಟ್ಟುಕೊಳ್ಳಿ, ಬಿಲ್ಲಿನಲ್ಲಿ ಸೆಂಟಿನ ಪಕ್ಕದಲ್ಲಿ ಮಿಲಿಮೀಟರನ್ನೂ ಬರೆಯಿರಿ. ದೊಡ್ಡ ಅಂಗಡಿಯ ದೀಪದ ಬೆಳಕಿಗೆ ಎದುರಾಗಿ ನಿಲ್ಲಬಲ್ಲ ಬಂಡವಾಳ ನಿಮ್ಮಲ್ಲಿ ಒಂದೇ ಇದೆ, ನಂಬಿಕೆ.

ಕಾರ್ಖಾನೆಯಲ್ಲಿ ಬೆಳೆಸಿದ ವಜ್ರದ ಬಗ್ಗೆಯೂ ಒಂದು ಮಾತು. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯದಲ್ಲಿ ಮನುಷ್ಯ ವಜ್ರ ಮಾಡಿದನು. ಇಂದು ಸೂರತ್ತಿನಲ್ಲಿಯೇ ಅದು ಬೆಳೆಯುತ್ತದೆ. 2023ರ ಜೂನಿನಲ್ಲಿ ನಮ್ಮ ಪ್ರಧಾನಿ ಅಮೆರಿಕದ ಅಧ್ಯಕ್ಷರ ಪತ್ನಿಗೆ ಉಡುಗೊರೆ ಕೊಟ್ಟದ್ದು ಇಂಥದೇ 7.5 ಕ್ಯಾರೆಟ್ಟಿನ ಹರಳು. ಗುಣದಲ್ಲಿ, ಸಾಂದ್ರತೆಯಲ್ಲಿ ಅದೂ ವಜ್ರವೇ. ಮೇಲೆ ಹೇಳಿದ ಅಳತೆಗಳೆಲ್ಲ ಅದಕ್ಕೂ ಹೊಂದುತ್ತವೆ. ಬೆಲೆ ಮಾತ್ರ ಗಣಿಯ ವಜ್ರಕ್ಕಿಂತ ಬಹಳ ಕೆಳಗೆ ಇಳಿದಿದೆ. ನೋಟಕ್ಕಾಗಿ ಕೊಳ್ಳುವವರು ಅದನ್ನು ಕೊಂಡರೆ ಅವಮಾನವೇನೂ ಇಲ್ಲ. ಅದನ್ನು ಗಣಿಯದೆಂದು ಹೇಳಿ ಮಾರಿದರೆ ಮಾತ್ರ ಮೋಸ. ಪಾಲಿಯೆಸ್ಟರ್ ಸೀರೆಯನ್ನು ರೇಷ್ಮೆಯೆಂದು ಮಾರುವವರಿಂದ ಕೊಳ್ಳೇಗಾಲದ ಮಗ್ಗ ಪಟ್ಟ ಪಾಡು ನಮಗೆ ಗೊತ್ತು. ಅದಕ್ಕೆಂದೇ 2004ರಲ್ಲಿ ಸಿಲ್ಕ್ ಮಾರ್ಕ್ ಬಂತು. ನಮ್ಮ ರೇಷ್ಮೆಗೆ ಬೇಡುವ ಸತ್ಯವನ್ನು ಕಲ್ಲಿಗೂ ಬೇಡೋಣ.

ಮಾಡಬೇಕಾದದ್ದು

ನಮ್ಮ ಸಲಹೆ ಸಂಕ್ಷೇಪವಾಗಿ ಇಷ್ಟು. ಮೊದಲನೆಯದು, ಅಂಗಡಿಯಲ್ಲಿ ಕ್ಯಾರೆಟ್ ಕೇಳುವ ಮುನ್ನ ಮಿಲಿಮೀಟರ್ ಕೇಳಿ. ಎರಡನೆಯದು, ದುಂಡನೆಯ ಅಂಕೆಯ ಮೋಹ ಬಿಡಿ. 50 ಸೆಂಟು ಎನ್ನುವ ಬದಲು 45ರಿಂದ 48ರೊಳಗೆ ಒಳ್ಳೆಯ ಕೊರೆತದ್ದು ತೋರಿಸಿ ಎನ್ನಿ. ಮೂರನೆಯದು, ಹರಳನ್ನು ಅಂಗಡಿಯ ದೀಪದ ಕೆಳಗೆ ಮಾತ್ರ ನೋಡದೆ ಬಾಗಿಲಿಗೆ ತಂದು ಹಗಲಿನ ಬೆಳಕಿನಲ್ಲಿ, ಒಂದು ತೋಳಿನ ದೂರದಲ್ಲಿ ಹಿಡಿದು ನೋಡಿ. ಊರಿನವರು ನೋಡುವುದು ಅಷ್ಟು ದೂರದಿಂದಲೇ. ನಾಲ್ಕನೆಯದು, ಬಿಲ್ಲಿನಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ಚಿನ್ನದ ನಿವ್ವಳ ತೂಕ, ಹರಳುಗಳ ಸಂಖ್ಯೆ, ಗಣಿಯದೋ ಕಾರ್ಖಾನೆಯದೋ ಎಂಬುದು ಇವೆಲ್ಲ ಬೇರೆ ಬೇರೆ ಬರೆಯಿಸಿ. ಐದನೆಯದು, ಚಿನ್ನದ ಮೇಲೆ ಹಾಲ್‌ಮಾರ್ಕಿನ ಆರು ಅಕ್ಷರ ಅಂಕೆಗಳ ಗುರುತು ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮಾರಾಟಕ್ಕೆ ಅದು ಇರಲೇಬೇಕು. ಆದರೆ ಅದು ಚಿನ್ನಕ್ಕೆ ಸಾಕ್ಷಿ, ಹರಳಿಗಲ್ಲ.

ಮೋಸ ಕಂಡರೆ ತಲೆಯ ಮೇಲೆ ಕೈಹೊತ್ತು ಕೂರಬೇಡಿ. 2019ರ ಗ್ರಾಹಕ ರಕ್ಷಣಾ ಕಾನೂನಿನ ಪ್ರಕಾರ ಎರಡು ವರ್ಷದೊಳಗೆ, ತಾನು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿಯವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಒಬ್ಬನೇ ಹೋಗಲು ಅಂಜಿಕೆಯಾದರೆ ಸಂಘದವರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಂದೊಂದು ಗೇಜನ್ನು ತರಿಸಿ ಕಚೇರಿಯಲ್ಲಿಟ್ಟರೆ ಎಷ್ಟೋ ಮನೆಗಳಿಗೆ ಉಪಕಾರ.

ಯಳಂದೂರಿನ ಬಳೆಮಂಟಪದಲ್ಲಿ ಕಲ್ಲಿನಲ್ಲಿಯೇ ಕಡೆದ ಬಳೆಗಳಿವೆ. ಅದನ್ನು ಕಡೆದವನ ಹೆಸರು ಯಾರ ಬಾಯಲ್ಲೂ ಇಲ್ಲ. ಆ ಕಲ್ಲು ಎಷ್ಟು ಕ್ಯಾರೆಟ್ ಎಂದು ಇಂದಿನವರೆಗೆ ಯಾರೂ ಕೇಳಿಲ್ಲ. ಅದರ ಬೆಲೆ ತೂಕದಲ್ಲಿಲ್ಲ, ಕೈಕೆಲಸದಲ್ಲಿದೆ ಎಂಬುದು ನೋಡಿದವರಿಗೆಲ್ಲ ಗೊತ್ತು. ನಮ್ಮ ಹೆಣ್ಣುಮಕ್ಕಳು ಓಲೆ ಹಾಕಿಕೊಳ್ಳಬಾರದೆಂದು ನಾವು ಉಪದೇಶಿಸುವುದಿಲ್ಲ. ಅವರು ದುಡಿದದ್ದು, ಅವರ ಕಿವಿ. ತಮ್ಮ ಬೆವರನ್ನು ಮೂರು ಕಾಸಿಗೆ ತೂಗುವ ಲೋಕದಲ್ಲಿ ಅವರು ಪರರ ಕಲ್ಲನ್ನು ಕಣ್ಣುಮುಚ್ಚಿ ತೂಗಿಸಿಕೊಳ್ಳಬಾರದು ಎಂಬುದಷ್ಟೇ ನಮ್ಮ ಹಂಬಲ. ಗೂಡನ್ನು ಕಿವಿಯ ಬಳಿ ಅಲುಗಿಸಿ ಹುಳುವಿನ ತೂಕ ಹೇಳುವ ಊರು ನಮ್ಮದು. ಆ ಜಾಣತನವನ್ನು ಒಡವೆ ಅಂಗಡಿಯ ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಹೋಗುವುದು ಬೇಡ.